ಕನ್ನಂಬಾಡಿ ನೀರು ಬಿಡುವಾಗ ರೇಡಿಯೊ ಮೊದಲು ಮಾತಾಡಲಿ: ಮಂಡ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದ ದಿನ ಟಿ.ವಿ.ಗಳು ಗೇಟಿನಿಂದ ನೀರು ಧುಮುಕುವುದನ್ನು ಮತ್ತೆ ಮತ್ತೆ ತೋರಿಸುತ್ತವೆ. ಕೆಳಗಡೆ ದಡದಲ್ಲಿ ಪಂಪ್‌ಸೆಟ್ ಇಟ್ಟ ರೈತ, ತೆಪ್ಪ ಹಾಕುವ ಮೀನುಗಾರ ಕೇಳುವುದು ಎರಡೇ: ನೀರು ನಮ್ಮೂರಿಗೆ ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲಿಯವರೆಗೆ ಏರುತ್ತದೆ?

ಒಂದು ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರ್. ಈ ಲೆಕ್ಕ ದಡದವನಿಗೆ ಏನೂ ಹೇಳದು. ಶ್ರೀರಂಗಪಟ್ಟಣದ ಬಳಿಯ ನಿಮಿಷಾಂಬ ಸ್ನಾನಘಟ್ಟದ ಎಷ್ಟು ಮೆಟ್ಟಿಲು ಮುಳುಗುತ್ತವೆ, ವೆಲ್ಲೆಸ್ಲಿ ಸೇತುವೆ ಮೇಲೆ ಓಡಾಟ ಯಾವಾಗ ನಿಲ್ಲುತ್ತದೆ ಎಂದರೆ ತಕ್ಷಣ ತಿಳಿಯುತ್ತದೆ.

ಕೇಬಲ್ ಟಿ.ವಿ.ಗೆ ಆಪರೇಟರ ಕೊಠಡಿ, ದಾರಿಯ ಆಂಪ್ಲಿಫೈಯರು, ಮನೆಯ ಸೆಟ್ಟು ಮೂರಕ್ಕೂ ಕರೆಂಟು ಬೇಕು. ಮಳೆಗಾಳಿಗೆ ಒಂದು ಕಡೆ ಹೋದರೂ ಪರದೆ ಕಪ್ಪು. ಟವರಿನ ಬ್ಯಾಟರಿ ಮುಗಿದರೆ ಮೊಬೈಲ್ ಸಂದೇಶವೂ ಬಾರದು. ಪೆನ್‌ಸೆಲ್ ಹಾಕಿದ ರೇಡಿಯೊ ಆಗಲೂ ಮಾತಾಡುತ್ತದೆ. ಮೈಸೂರು ಆಕಾಶವಾಣಿ ಎಫ್‌ಎಂ 100.6ರಲ್ಲಿದೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿದ ಸೀಮೆ ನಮ್ಮದು.

ಮೊಬೈಲಿನಲ್ಲೇ ಎಫ್‌ಎಂ ಇದೆಯಲ್ಲ ಎನ್ನಬೇಡಿ. ಎಷ್ಟೋ ಹೊಸ ಫೋನುಗಳಲ್ಲಿ ಅದಿಲ್ಲ. ಇದ್ದರೂ ಸಾಮಾನ್ಯವಾಗಿ ಇಯರ್‌ಫೋನ್ ತಂತಿಯೇ ಆಂಟೆನಾ, ಅದಿಲ್ಲದೆ ನಿಲಯ ಹಿಡಿಯದು. ಬೆಳಿಗ್ಗೆ ಸಂಜೆ ಜನ ಸೇರುವ ಹಾಲಿನ ಡೈರಿಗೊಂದು ಸೆಟ್ ಕೊಡಿಸಿ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ಹೋಗುವುದರಿಂದ ದಿಬ್ಬದ ಮರೆಯ ಊರುಗಳಲ್ಲಿ ಮಳೆಗಾಲಕ್ಕೆ ಮೊದಲೇ ಹಚ್ಚಿ ನೋಡಲಿ. ಬಳಸದಾಗ ಸೆಲ್ ತೆಗೆದಿಡಬೇಕು. ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ, ಬೇಕಾದ ದಿನ ಸೆಟ್ ಸತ್ತಿರುತ್ತದೆ.

ಸೂಚನೆ ನಲವತ್ತು ಸೆಕೆಂಡಿನೊಳಗಿರಲಿ. ಮೊದಲು ತಾರೀಖು, ಗಂಟೆ; ಇಲ್ಲದಿದ್ದರೆ ಹೋದ ವರ್ಷದ ಧ್ವನಿಯೇ ವಾಟ್ಸ್‌ಆ್ಯಪ್‌ನಲ್ಲಿ ಹೊಸದಾಗಿ ಹರಿದಾಡುತ್ತದೆ. ಆಮೇಲೆ ಊರು, ನೀರು ಬರುವ ಹೊತ್ತು, ಮೋಟಾರು ಎತ್ತಿ, ದನ ಮೇಲಕ್ಕೆ ಹೊಡೆಯಿರಿ ಎಂಬ ಮಾತು. ಕ್ಯೂಸೆಕ್ ಕೊನೆಗೆ. ನಿಧಾನವಾಗಿ ಎರಡು ಸಲ ಓದಲಿ. ಬದಲಾವಣೆ ಇಲ್ಲದಿದ್ದರೂ ಗಂಟೆಗೊಮ್ಮೆ ಬರಲಿ. ಸುದ್ದಿ ನಿಂತ ಕಡೆ ಗಾಳಿಮಾತು ಹುಟ್ಟುತ್ತದೆ. ಅದೇ ಒಕ್ಕಣೆ ಕೇಬಲ್ ಪರದೆಯ ಕೆಳಗೂ ಹರಿಯಲಿ.

ಸಿನಿಮಾ ಮಂದಿರ ಇಂಥ ತುರ್ತಿಗೆ ಆಗಿಬರದು. ಜೂನ್‌ಗೆ ಮುಂಚೆ ಇಂಟರ್‌ವಲ್‌ನಲ್ಲಿ ಹತ್ತು ಸೆಕೆಂಡಿನ ಸ್ಲೈಡಿನಲ್ಲಿ 100.6 ಎಂದು ತೋರಿಸಿದರೆ ಸಾಕು.

ಖಾಲಿ ಜಾಗ ಬಿಟ್ಟ ಒಕ್ಕಣೆಯನ್ನು ಈಗಲೇ ಒಪ್ಪಿಸಿಡಿ. ಗೇಟು ಎತ್ತುವ ಮುಂಚೆ ಕಟ್ಟೆಯ ಎಂಜಿನಿಯರೇ ಅದನ್ನು ತುಂಬಿ, ಜಿಲ್ಲಾಧಿಕಾರಿ ಕಚೇರಿಗೂ ಆಕಾಶವಾಣಿಗೂ ಒಟ್ಟಿಗೆ ಫೋನಿನಲ್ಲಿ ಓದಲಿ. ಪ್ರಕಟಣೆ ಟೈಪಾಗಿ ಸಹಿ ಬೀಳುವವರೆಗೆ ಹೊಳೆ ಕಾಯುವುದಿಲ್ಲ.

ಇಂತಿ,
ಕಾವೇರಿ ದಡದ ರೇಡಿಯೊ ಕೇಳುಗರು,
ಶ್ರೀರಂಗಪಟ್ಟಣ ತಾಲ್ಲೂಕು