ನರನೋವಿನ ಮಾತ್ರೆ: ರಾತ್ರಿ ಏಳುವಾಗ ಜೋಕೆ

ಮಾನ್ಯರೇ,

ಸಕ್ಕರೆ ಕಾಯಿಲೆಯಿಂದ ಪಾದ ಉರಿಯುವವರಿಗೆ ಕೊಡುವ ಪ್ರಿಗ್ಯಾಬಲಿನ್ ಮಾತ್ರೆ ಮೊದಮೊದಲು ತೂಕಡಿಕೆ, ತಲೆಸುತ್ತು ತರುವುದು ಸಾಮಾನ್ಯ. ಅದಕ್ಕೇ ಬಹುತೇಕ ವೈದ್ಯರು ರಾತ್ರಿ 75 ಮಿ.ಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಶುರು ಮಾಡುತ್ತಾರೆ. ನಡುರಾತ್ರಿ ಏಳುವಾಗ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕಾಲು ಇಳಿಬಿಟ್ಟು ಕೂತು, ದೀಪ ಹಾಕಿಯೇ ಹೆಜ್ಜೆ ಇಡಬೇಕು. ಬೈಕ್ ಸದ್ಯಕ್ಕೆ ಬೇಡ; ಮದ್ಯವಂತೂ ಬೇಡವೇ ಬೇಡ. ಸಂಜೆಗೆ ಚಪ್ಪಲಿ ಪಟ್ಟಿ ಬಿಗಿಯಾದರೆ ಕಾಲು ಊದಿದೆ ಎಂದರ್ಥ, ವೈದ್ಯರಿಗೆ ತಿಳಿಸಿ. ಮೂತ್ರಪಿಂಡ ದುರ್ಬಲವಿದ್ದರೆ ಔಷಧ ಮೈಯಲ್ಲೇ ಉಳಿಯುತ್ತದೆ, ಹಾಗಾಗಿ ಕ್ರಿಯಾಟಿನಿನ್ (ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತ ಪರೀಕ್ಷೆ) ನೋಡಿಯೇ ಪ್ರಮಾಣ ನಿಗದಿಯಾಗಬೇಕು. ನೋವು ಇಳಿಯಿತೆಂದು ಥಟ್ಟನೆ ನಿಲ್ಲಿಸಿದರೆ ನಿದ್ದೆಗೇಡು, ಬೆವರು, ವಾಕರಿಕೆ ಕಾಡಬಹುದು. ವೈದ್ಯರನ್ನು ಕೇಳಿ, ಕನಿಷ್ಠ ಒಂದು ವಾರವಾದರೂ ಹಂತಹಂತವಾಗಿ ಇಳಿಸಬೇಕು. ಹಳೇ ಚೀಟಿ ನೋಡಿ ಮಾತ್ರೆ ಕೊಡುವ ಅಂಗಡಿಯವರು ಇಷ್ಟನ್ನಾದರೂ ಬಾಯಿಬಿಟ್ಟು ಹೇಳಲಿ.

— ಒಬ್ಬ ಫಾರ್ಮಾಸಿಸ್ಟ್, ದಾವಣಗೆರೆ