ಟ್ಯಾಂಕ್ ತೆಗೆದ ಗುಂಡಿಯನ್ನು ಪರೀಕ್ಷಿಸದೆ ಮುಚ್ಚಬೇಡಿ

ಮಾನ್ಯ ಸಂಪಾದಕರೇ,

ಹಳೆಯ ಪೆಟ್ರೋಲ್ ಬಂಕ್ ಮುಚ್ಚಿದ ಮೇಲೆ ಆ ಜಾಗದಲ್ಲಿ ಮನೆ ಏಳುತ್ತದೆ, ಕೆಲವೊಮ್ಮೆ ಶಾಲೆಯೂ ಏಳುತ್ತದೆ. ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ನೆಲದಡಿಯ ಟ್ಯಾಂಕ್ ಕಿತ್ತ ದಿನವೇ ಗುಂಡಿಗೆ ಮಣ್ಣು ಸುರಿದು ಸಮ ಮಾಡಿಬಿಡುತ್ತಾರಲ್ಲ, ಅದು ನಿಲ್ಲಬೇಕು. ಇಂಥ ಜಾಗಗಳ ಮಣ್ಣು, ನೀರು ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತಳಾದವಳು ನಾನು. ಗುಂಡಿ ತೆರೆದಿರುವ ಆ ಕೆಲವು ಗಂಟೆಗಳಲ್ಲಿ ಕಣ್ಣಿಗೇ ಕಾಣುವುದನ್ನು, ಮುಚ್ಚಿದ ಮೇಲೆ ಬೋರ್ ಕೊರೆದು ಕೊರೆದು ಹುಡುಕಬೇಕಾಗುತ್ತದೆ.

ಹೊರಗೆ ಬಂದ ಟ್ಯಾಂಕ್‌ನಲ್ಲಿ ತೂತು ಇಲ್ಲದಿದ್ದರೆ ಎಲ್ಲರಿಗೂ ನಿರಾಳ. ಸೋರಿಕೆ ಟ್ಯಾಂಕ್‌ನಿಂದಲೇ ಆಗಬೇಕೆಂದಿಲ್ಲ ಅಲ್ವಾ? ಪಂಪಿಗೆ ಹೋಗುವ ಪೈಪಿನ ಜಾಯಿಂಟ್‌ಗಳಲ್ಲಿ ವರ್ಷಗಟ್ಟಲೆ ಹನಿ ಹನಿ ಸೋರಿರಬಹುದು. ಟ್ಯಾಂಕರ್‌ನಿಂದ ಇಂಧನ ತುಂಬುವ ಬಾಯಿಯ ಸುತ್ತ ಚೆಲ್ಲಿ ಚೆಲ್ಲಿ ಇಳಿದಿರಬಹುದು. ಒಂದು ಜಾಗದಲ್ಲಿ ಟ್ಯಾಂಕ್ ಗಟ್ಟಿಯಾಗಿತ್ತು, ಗುಂಡಿಯ ತಳದ ಮರಳಿಗೆ ವಾಸನೆಯೂ ಇರಲಿಲ್ಲ. ತುಂಬುವ ಮಣ್ಣಿನ ಲಾರಿ ಬಂದು ನಿಂತಿತ್ತು. ಪೈಪ್ ಸಾಲನ್ನೂ ಅಗೆಯಲೇಬೇಕೆಂದು ನಾವು ಹಠ ಹಿಡಿದೆವು. ಹಳೆಯ ಪಂಪಿನ ಅಡಿಯಲ್ಲಿ ಕೆಂಪು ಮಣ್ಣು ಬೂದು ಬಣ್ಣಕ್ಕೆ ತಿರುಗಿತ್ತು. ಮಣ್ಣಿನ ಸೂಕ್ಷ್ಮಜೀವಿಗಳು ಪೆಟ್ರೋಲನ್ನು ತಿನ್ನುತ್ತಾ ಮೊದಲು ಆಮ್ಲಜನಕ ಮುಗಿಸುತ್ತವೆ, ಆಮೇಲೆ ಮಣ್ಣಿನ ಕಬ್ಬಿಣಕ್ಕೆ ಕೈ ಹಾಕುತ್ತವೆ. ಆಗ ಕೆಂಪು ಹೋಗುತ್ತದೆ. ಆ ಬೂದು ಪಟ್ಟೆ ಎಷ್ಟು ಆಳಕ್ಕಿದೆ, ಯಾವ ಕಡೆಗೆ ವಾಲಿದೆ ಎಂದು ಅಳತೆ ಟೇಪು ಹಿಡಿದು ಬರೆದುಕೊಳ್ಳಬಹುದಿತ್ತು. ಮಣ್ಣು ಮುಚ್ಚಿದ್ದರೆ ಅದಷ್ಟೂ ಹೋಗುತ್ತಿತ್ತು.

ಸ್ಯಾಂಪಲ್ ತೆಗೆಯುವುದರಲ್ಲೂ ಅಸಡ್ಡೆ ಜಾಸ್ತಿ. ಮಣ್ಣನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಿಸಿಲಲ್ಲಿ ಬಿಟ್ಟು, ಪುರುಸೊತ್ತಾದಾಗ ಲ್ಯಾಬ್‌ಗೆ ಕಳಿಸುತ್ತಾರೆ. ಅಷ್ಟರಲ್ಲಿ ಪೆಟ್ರೋಲಿನ ಅಂಶ ಆವಿಯಾಗಿ ಹೋಗಿರುತ್ತದೆ. ವರದಿ ಚೆನ್ನಾಗಿಯೇ ಬರುತ್ತದೆ, ನೆಲ ಮಾತ್ರ ಕೆಟ್ಟೇ ಇರುತ್ತದೆ. ನೀರಿಗೆ 40 ಮಿಲಿಲೀಟರಿನ ಗಾಜಿನ ಸೀಸೆ ಬೇಕು. ಒಂದು ಗಾಳಿಗುಳ್ಳೆಯೂ ಉಳಿಯದಂತೆ ತುಂಬಿ ಐಸ್ ಪೆಟ್ಟಿಗೆಯಲ್ಲಿಡಬೇಕು. ಗುಳ್ಳೆ ಉಳಿದರೆ ಹುಡುಕುತ್ತಿರುವ ವಸ್ತುವೇ ನೀರು ಬಿಟ್ಟು ಆ ಗಾಳಿಗೆ ಸೇರಿಕೊಳ್ಳುತ್ತದೆ.

ಅಂತರ್ಜಲದ ವಿಷಯ ಇನ್ನೂ ಸೂಕ್ಷ್ಮ. ಒಂದೇ ಒಂದು ಬಾವಿ ಕೊರೆದು, ನೀರು ಸರಿಯಿದೆ ಎಂದು ಬರೆದು ಕೊಡುವುದನ್ನು ನಾನು ಒಪ್ಪುವುದಿಲ್ಲ. ನೀರು ಯಾವ ಕಡೆ ಹರಿಯುತ್ತಿದೆ ಎಂದು ತಿಳಿಯಲು ಕನಿಷ್ಠ ಮೂರು ಬಾವಿ ಬೇಕು, ಅವು ಒಂದೇ ಸಾಲಿನಲ್ಲಿ ಇರಕೂಡದು. ಮೇಲಿನ ನೆಲದ ಇಳಿಜಾರು ನೋಡಿ ಊಹಿಸಿದರೆ ಮೋಸ ಹೋಗುತ್ತೇವೆ. ಬಂಡೆಯ ಪ್ರದೇಶದಲ್ಲಂತೂ ನೀರು ಬಿರುಕು ಹಿಡಿದು ಎತ್ತಲೋ ಹೋಗುತ್ತದೆ. ಪೆಟ್ರೋಲ್ ನೀರಿಗಿಂತ ಹಗುರ, ನೀರಿನ ಮಟ್ಟದ ಮೇಲೆಯೇ ಕೂರುತ್ತದೆ. ಹಾಗಾಗಿ ಬಾವಿಗೆ ಇಳಿಸುವ ಪೈಪಿನಲ್ಲಿ ನೀರು ಒಳಬರಲು ಕೊರೆದ ಸೀಳುಗಳು ಆ ಮಟ್ಟದ ಮೇಲೂ ಕೆಳಗೂ ಇರಬೇಕು. ಸೀಳು ಆಳದಲ್ಲಿ ಮಾತ್ರ ಇದ್ದರೆ ಮೇಲಿನ ಎಣ್ಣೆ ಪದರ ಬಾವಿಯೊಳಗೆ ಬರುವುದೇ ಇಲ್ಲ.

ಮಳೆಗಾಲದಲ್ಲಿ ಒಮ್ಮೆ ನೋಡಿ ಕೈಬಿಡುವುದೂ ತಪ್ಪು. ನೀರು ಮೇಲೇರಿದಾಗ ಎಣ್ಣೆ ಮಣ್ಣಿನ ಸಂದುಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಬಾವಿಯಲ್ಲಿ ಪದರ ಕಾಣದೆ ಹೋಗಬಹುದು. ಬೇಸಿಗೆಯಲ್ಲಿ ನೀರು ಇಳಿದರೆ ಅದೇ ಬಾವಿಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಕನಿಷ್ಠ ಒಂದು ಇಡೀ ವರ್ಷ, ಎಲ್ಲ ಕಾಲಗಳಲ್ಲೂ ಅಳೆಯಬೇಕು.

ಇಷ್ಟೆಲ್ಲ ಹಠ ಯಾಕೆ ಅಂದರೆ, ಪೆಟ್ರೋಲಿನಲ್ಲಿರುವ ಬೆಂಜೀನ್ ಕ್ಯಾನ್ಸರ್ ತರುವಂಥದ್ದು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಅದಕ್ಕೆ ಇಟ್ಟಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಂದರೆ ಒಂದು ಗ್ರಾಂನ ಲಕ್ಷದಲ್ಲಿ ಒಂದು ಭಾಗ. ಮೂಗಿಗೆ ಬೆಂಜೀನ್ ವಾಸನೆ ತಟ್ಟುವ ಹೊತ್ತಿಗೆ ಆ ಮಿತಿ ಎಷ್ಟೋ ಪಟ್ಟು ದಾಟಿರುತ್ತದೆ. ವಾಸನೆ ಇಲ್ಲ, ಕುಡಿಯಬಹುದು ಎಂಬ ಮಾತನ್ನು ದಯವಿಟ್ಟು ಯಾರೂ ನಂಬಬೇಡಿ. ನೀರು ಕುಡಿಯದವರಿಗೂ ಅಪಾಯ ಇದೆ. ಆವಿ ಮಣ್ಣಿನ ಮೂಲಕ ಮೇಲೆದ್ದು ನೆಲಮಾಳಿಗೆಯ ಬಿರುಕುಗಳಿಂದ ಒಳಗೆ ಬರುತ್ತದೆ.

ಸುಮ್ನೆ ಎಲ್ಲರನ್ನೂ ಹೆದರಿಸಲು ಇದನ್ನು ಬರೆಯುತ್ತಿಲ್ಲ. ಕೆಟ್ಟ ಮಣ್ಣನ್ನೆಲ್ಲ ಅಗೆದು ಸಾಗಿಸಲೇಬೇಕು ಎಂದೂ ಹೇಳುತ್ತಿಲ್ಲ. ಮೂಲದ ಎಣ್ಣೆಯನ್ನು ತೆಗೆದರೆ, ಉಳಿದದ್ದನ್ನು ಸೂಕ್ಷ್ಮಜೀವಿಗಳೇ ನಿಧಾನವಾಗಿ ಕರಗಿಸುವ ಜಾಗಗಳೂ ಇವೆ. ಆದರೆ ನಿಮ್ಮ ಜಾಗ ಅಂಥದ್ದೇ ಎಂದು ಅಳತೆ ಇಲ್ಲದೆ ಹೇಳುವುದು ಹೇಗೆ?

ಸ್ಥಳೀಯ ಆಡಳಿತಗಳಿಗೆ ನನ್ನ ಬೇಡಿಕೆ ಇಷ್ಟು. ಗುಂಡಿಯ ತಳ, ಬದಿ ಮತ್ತು ಪೈಪ್ ಸಾಲಿನ ಮಣ್ಣಿನ ವರದಿ ಬರುವವರೆಗೆ ಗುಂಡಿಗೆ ಬೇಲಿ ಹಾಕಿಸಿ, ಮುಚ್ಚಲು ಬಿಡಬೇಡಿ. ಟ್ಯಾಂಕ್ ಎಲ್ಲಿತ್ತು ಎಂಬ ನಕ್ಷೆ ಜಾಗದ ದಾಖಲೆಯಲ್ಲೇ ಇರಲಿ, ಮುಂದೆ ಕೊಳ್ಳುವವರಿಗೆ ಸಿಗಲಿ. ಸೋರಿಕೆಯ ಗುರುತು ಸಿಕ್ಕರೆ ಅಕ್ಕಪಕ್ಕದ ಬಾವಿಗಳ ನೀರನ್ನು ಅದೇ ವಾರ ಪರೀಕ್ಷೆಗೆ ಕಳಿಸಿ. ಆ ವರದಿಯ ಒಂದು ಪ್ರತಿಯನ್ನು ಬಾವಿಯವರ ಕೈಗೇ ಕೊಡಿ.

ಇತಿ,
ನಿವೃತ್ತ ಭೂವಿಜ್ಞಾನಿ