ಮಗಳಿಗೊಂದು ಪತ್ರ: ಊಟವಾದ ಮೇಲಿನ ನಾಡಿ

ಪುಟ್ಟಿ,

ನೈಟ್ ಡ್ಯೂಟಿ ಮುಗಿಸಿ ಬಂದು, ಸ್ನಾನ ಮಾಡಿ, ನೀನು ಕಳಿಸಿದ ಫ್ಲೂಟ್ ರೆಕಾರ್ಡಿಂಗ್ ಕೇಳಿದೆ. ನಾಲ್ಕು ಸಲ ಕೇಳಿದೆ. ಜರ್ಮನಿಯ ಸಂಗೀತಗಾರ ಬಾಖ್ ಬರೆದ ‘ಬಾಡಿನೆರಿ’ ಎಂಬ ಪುಟ್ಟ ತುಣುಕನ್ನು 1 ನಿಮಿಷ 10 ಸೆಕೆಂಡಿನಲ್ಲಿ ಮುಗಿಸಿದ್ದೀಯ. ಒಂದು ಸ್ವರವೂ ತಪ್ಪಿಲ್ಲ. ಆದರೆ ಕೇಳುತ್ತಾ ಕೇಳುತ್ತಾ ನನಗೇ ಉಸಿರು ಕಟ್ಟಿದ ಹಾಗಾಯ್ತು. ಸ್ಪರ್ಧೆಯಲ್ಲಿ ತೀರ್ಪುಗಾರರು ‘ತುಂಬಾ ನಿಧಾನ’ ಅಂದರಲ್ಲ, ಆ ಒಂದು ಮಾತು ನಿನ್ನನ್ನು ಎಷ್ಟು ಅಟ್ಟಿಸಿಕೊಂಡು ಬರ್ತಾ ಇದೆ ಅಂತ ಆಗ ಗೊತ್ತಾಯ್ತು.

ನೀನು ಮನೆಯಲ್ಲಿ ಬಿಟ್ಟುಹೋದ ಸ್ವರಲಿಪಿಯ ಜೆರಾಕ್ಸ್ ಹಾಳೆ ತೆಗೆದು ಎಣಿಸಿದೆ. ಮೊದಲ ಭಾಗ 16 ಬಾರ್ (ಗೆರೆ ಎಳೆದು ಭಾಗ ಮಾಡಿದ ತಾಳದ ಒಂದೊಂದು ಮನೆ), ಎರಡನೆಯದು 24. ಒಟ್ಟು 40. ಒಂದೊಂದು ಬಾರ್‌ಗೂ ಎರಡು ಬೀಟ್, ಅಂದರೆ ತಾಳದ ಎರಡು ಪೆಟ್ಟು, ಎರಡೂ ಭಾಗವನ್ನು ಎರಡೆರಡು ಸಲ ನುಡಿಸಬೇಕು. ಅಂದರೆ 160 ಬೀಟ್. ನಿನ್ನ ರೆಕಾರ್ಡಿಂಗಿನಲ್ಲಿ ನಿಮಿಷಕ್ಕೆ 137 ಆಗುತ್ತದೆ. ವಾರ್ಡಿನಲ್ಲಿ ಮಲಗಿರುವ ಯಾರದ್ದಾದರೂ ಪಲ್ಸ್ ಅಷ್ಟು ಬಂದರೆ ನಾನು ತಕ್ಷಣ ಡಾಕ್ಟರಿಗೆ ಫೋನ್ ಮಾಡುತ್ತೇನೆ.

ಪಲ್ಸ್ ಮಾತು ಸುಮ್ನೆ ಎತ್ತಲಿಲ್ಲ. ಟಿಕ್ ಟಿಕ್ ಅಂತ ವೇಗ ತೋರಿಸುವ ಯಂತ್ರ ಮೆಟ್ರೊನೋಮಿಗೆ ಪೇಟೆಂಟ್ ಸಿಕ್ಕಿದ್ದು 1815ರಲ್ಲಿ. ಅದಕ್ಕೂ ಮೊದಲು, 1752ರಲ್ಲಿ, ಕ್ವಾಂಟ್ಸ್ ಎನ್ನುವವರು ಫ್ಲೂಟ್ ಕಲಿಯುವವರಿಗಾಗಿ ದೊಡ್ಡ ಪುಸ್ತಕ ಬರೆದರು. ಪ್ರಷ್ಯದ ರಾಜ ಫ್ರೆಡ್ರಿಕ್‌ಗೆ ಫ್ಲೂಟ್ ಹೇಳಿಕೊಟ್ಟವರು ಅವರು. ವೇಗ ಗೊತ್ತಾಗಬೇಕಾದರೆ ನಾಡಿ ಹಿಡಿದು ನೋಡಿ ಅನ್ನುತ್ತಾರೆ. ಯಾರ ನಾಡಿ? ಆರೋಗ್ಯವಾಗಿರುವ, ಖುಷಿ ಸ್ವಭಾವದ ಮನುಷ್ಯನ ನಾಡಿ. ಅದೂ ಮಧ್ಯಾಹ್ನದ ಊಟವಾದ ಮೇಲಿನದು. ನಿಮಿಷಕ್ಕೆ ಸುಮಾರು 80. ಇಷ್ಟು ವರ್ಷ ಮಣಿಕಟ್ಟು ಹಿಡಿದೇ ಕೆಲಸ ಮಾಡಿದ ನನಗೆ ಇದನ್ನು ಓದಿ ಕಣ್ಣು ತುಂಬಿ ಬಂತು. ಸಂಗೀತದ ಅಳತೆಗೋಲು ಮನುಷ್ಯನ ಕೈಯಲ್ಲೇ ಇತ್ತು ನೋಡು.

ಅವರು ಕುಣಿತಗಳಿಗೂ ಲೆಕ್ಕ ಕೊಟ್ಟಿದ್ದಾರೆ. ಸಾರಾಬಾಂಡ್ ಎಂಬ ನಿಧಾನದ ಕುಣಿತಕ್ಕೆ ಒಂದೊಂದು ಬೀಟಿಗೂ ಒಂದು ಬಡಿತ. ಬೂರೆ ಎಂಬ ಚುರುಕಿನ ಕುಣಿತಕ್ಕೆ ಇಡೀ ಬಾರ್‌ಗೇ ಒಂದು ಬಡಿತ. ಬಾಡಿನೆರಿ ಆ ಪಟ್ಟಿಯಲ್ಲಿಲ್ಲ. ಅದಕ್ಕೆ ಇಂಥದೇ ಹೆಜ್ಜೆ ಅಂತಲೂ ಇಲ್ಲ. ಫ್ರೆಂಚಿನಲ್ಲಿ ಆ ಪದಕ್ಕೆ ತುಂಟಾಟ, ಕೀಟಲೆ ಅಂತ ಅರ್ಥ, ಅಷ್ಟೇ.

ನೀನು ಕೀ ಬಗ್ಗೆ, ಅಂದರೆ ತುಣುಕು ನಿಂತಿರುವ ಸ್ವರಗಳ ಗುಂಪಿನ ಬಗ್ಗೆ, ಇನ್ನೊಂದು ಕೇಳಿದ್ದೆ. ಮೇಜರ್, ಮೈನರ್ ಅಂತ ಅದರಲ್ಲಿ ಎರಡು ಬಗೆ. ‘ಅಮ್ಮ, ಮೈನರ್ ಅಂದ್ರೆ ದುಃಖ ಅಂತಾರೆ. ಇದು ಬಿ ಮೈನರ್. ಮತ್ಯಾಕೆ ಹೀಗೆ ಕುಣಿಯುತ್ತೆ?’ ಆ ಕಾಲದವರೂ ಹಾಗೇ ಅಂದುಕೊಂಡಿದ್ದರು. ಹ್ಯಾಂಬರ್ಗಿನ ಸಂಗೀತಗಾರ, ಲೇಖಕ ಮಾಥೆಸನ್ 1713ರಲ್ಲಿ ಬಿ ಮೈನರ್ ವಿಚಿತ್ರವಾದದ್ದು, ಮಂಕಾದದ್ದು, ಅದಕ್ಕೇ ಅಪರೂಪ ಎಂದು ಬರೆದರು. ಬಾಖ್ ಮಾತ್ರ ಬಾಡಿನೆರಿ ಇರುವ ಈ ಸ್ವೀಟಿನ (ಒಂದರ ಹಿಂದೊಂದು ನುಡಿಸುವ ತುಣುಕುಗಳ ಸರಣಿ) ಏಳು ಭಾಗಗಳನ್ನೂ ಬಿ ಮೈನರಿನಲ್ಲೇ ಇಟ್ಟ. ಅದೇ ಕೀಯಲ್ಲಿ ಸಾರಾಬಾಂಡ್ ಬರುತ್ತದೆ, ಫ್ಲೂಟಿನ ರಾಗವನ್ನು ಕೆಳಗಿನ ದನಿ (ಬಾಸ್) ನೆರಳಿನ ಹಾಗೆ ಹಿಂಬಾಲಿಸುತ್ತದೆ, ಮನಸ್ಸು ಭಾರವಾಗುತ್ತದೆ. ಕೊನೆಗೆ ಅದೇ ಕೀಯಲ್ಲಿ ನಿನ್ನ ಬಾಡಿನೆರಿ. ಕೀ ಬದಲಾಗಲೇ ಇಲ್ಲ. ಬದಲಾದದ್ದು ನಡೆ.

ಅವತ್ತಿನ ಫ್ಲೂಟ್ ಮರದ್ದು. ಆರು ತೂತು, ಬೆರಳಲ್ಲಿ ಒತ್ತುವ ಒಂದೇ ಒಂದು ಕೀಲಿ. ಡಿ ಮೇಜರ್ ಅದರ ಬಾಯಿಗೆ ಸಲೀಸು. ಬಿ ಮೈನರಿಗೂ ಅವೇ ಎರಡು ಶಾರ್ಪ್ (ಅರ್ಧ ಮೆಟ್ಟಿಲು ಏರಿಸಿದ ಸ್ವರ). ಹಾಗಾಗಿ ಅಳುವುದಕ್ಕೆ ಅಂತ ಆರಿಸಿದ ಕೀ ಇದಲ್ಲ, ಫ್ಲೂಟಿಗೆ ಒಪ್ಪುತ್ತದೆ ಅಂತಲೇ ಆರಿಸಿದ್ದು ಅಂತ ನನಗನ್ನಿಸುತ್ತದೆ.

ಶುರುವನ್ನೇ ನೋಡು. ಬಾರ್ ಬರುವ ಮೊದಲೇ ಮೇಲಿನ ಬಿ ಎತ್ತಿಕೊಂಡು, ಒಂದು ಉದ್ದ ಎರಡು ಗಿಡ್ಡ, ಒಂದು ಉದ್ದ ಎರಡು ಗಿಡ್ಡ, ಹಾಗೇ ಕೆಳಕ್ಕೆ ಇಳಿಯುತ್ತದೆ. ಇರುವುದು ಮೂರೇ ಸ್ವರ: ಬಿ, ಡಿ, ಎಫ್ ಶಾರ್ಪ್. ಸಣ್ಣವಳಿದ್ದಾಗ ನೀನು ಅಜ್ಜಿ ಮನೆಯ ಮೆಟ್ಟಿಲು ಇಳಿಯುತ್ತಿದ್ದದ್ದೂ ಹೀಗೇ. ಒಂದೊಂದು ಮೆಟ್ಟಿಲಿಗೂ ಕೊಂಚ ನಿಂತು, ನಾನು ನೋಡುತ್ತಿದ್ದೇನಾ ಅಂತ ತಿರುಗಿ ನೋಡಿ, ಮತ್ತೆ ಪುಟುಪುಟು ಇಳಿಯುತ್ತಿದ್ದೆ. ಕೀಟಲೆ ಮಾಡುವವರು ಎದುರಿಗಿರುವವರ ಮುಖ ನೋಡುತ್ತಾರೆ ಪುಟ್ಟಿ. ನಿನ್ನ ರೆಕಾರ್ಡಿಂಗಿನಲ್ಲಿ ಆ ಉದ್ದ ಸ್ವರ ನಿಲ್ಲುವುದೇ ಇಲ್ಲ. ಉದ್ದವೂ ಗಿಡ್ಡವೂ ಒಂದೇ ಆಗಿಬಿಟ್ಟಿವೆ.

ಈ ಸ್ವೀಟಿನ ಕೈಬರಹದ ಹಾಳೆಗಳು ಸುಮಾರು 1738–39ರವು. ಆಗ ಬಾಖ್ ಲೈಪ್ಜಿಗ್‌ನಲ್ಲಿದ್ದ. ತ್ಸಿಮ್ಮರ್‌ಮನ್ ಎಂಬುವವರ ಕಾಫಿ ಅಂಗಡಿಯಲ್ಲಿ ಅವನ ವಾದ್ಯಗೋಷ್ಠಿ ಕಛೇರಿ ಕೊಡುತ್ತಿತ್ತು. ಕುಣಿತದ ಸಂಗೀತವನ್ನು ಜನ ಕುಣಿಯದೆ, ಆರಾಮಾಗಿ ಕೂತು ಕೇಳುತ್ತಿದ್ದ ಜಾಗ ಅದು. ಅಲ್ಲಿ ಯಾರೂ ಸ್ಟಾಪ್‌ವಾಚ್ ಹಿಡಿದು ಕೂತಿರಲಿಲ್ಲ ಅಲ್ವಾ?

ನಿಮಿಷಕ್ಕೆ 80ರಲ್ಲೇ ನುಡಿಸು ಅಂತ ನಾನು ಹೇಳುತ್ತಿಲ್ಲ. ಹಾಗೆ ನುಡಿಸಿದರೆ ಎರಡು ನಿಮಿಷ ಹಿಡಿಯುತ್ತದೆ, ತುಂಟಾಟ ತೂಕಡಿಸುತ್ತದೆ. ಹೋದ ತಿಂಗಳು ಮನೆಗೆ ಬಂದಿದ್ದೆಯಲ್ಲ, ಬೆಳಿಗ್ಗೆ ಫ್ಲೂಟ್ ಜೋಡಿಸುತ್ತಿದ್ದಾಗ ನಿನ್ನ ಕೈ ಹಿಡಿದೆ. ಹೆಬ್ಬೆರಳಿನ ಬುಡದಲ್ಲಿ ಮೂರು ಬೆರಳಿಟ್ಟು ಎಣಿಸಿದೆ. 104 ಇತ್ತು. ಕೈ ತಣ್ಣಗಿತ್ತು. ಆವತ್ತು ನೀನು ಎರಡನೇ ಭಾಗದಲ್ಲಿ ಮೂರು ಸಲ ಎಡವಿದೆ. ಮಧ್ಯಾಹ್ನ ಮುದ್ದೆ ಬಸ್ಸಾರು ಉಂಡು, ಅಪ್ಪನ ಜೊತೆ ಹರಟೆ ಹೊಡೆದು, ಚಾಪೆ ಮೇಲೆ ಕೂತೇ ಸುಮ್ನೆ ನುಡಿಸಿದೆಯಲ್ಲ? ಆಗ ಪಲ್ಸ್ 82. ಬಾಡಿನೆರಿ ಒಂದೂವರೆ ನಿಮಿಷ ತಗೊಂಡಿತು. ಅಪ್ಪ ಪೇಪರ್ ಕೆಳಗಿಟ್ಟು ನಕ್ಕರು. ಅವರಿಗೆ ಬಾಖ್ ಯಾರು ಅಂತಲೂ ಗೊತ್ತಿಲ್ಲ.

ಈ ಭಾನುವಾರ ನನಗೆ ರಜೆ. ಊಟ ಮಾಡಿ, ಅರ್ಧ ಗಂಟೆ ಬಿಟ್ಟು ಫೋನ್ ಮಾಡು. ಮೊದಲು ನಿನ್ನ ಪಲ್ಸ್ ನೀನೇ ಎಣಿಸಿ ಹೇಳು, ಪೂರ್ತಿ ಒಂದು ನಿಮಿಷ, ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡ. ಆಮೇಲೆ ಫೋನನ್ನು ಸ್ಟ್ಯಾಂಡಿಗೆ ಒರಗಿಸಿ ನುಡಿಸು. ಅಪ್ಪನನ್ನೂ ಕೂರಿಸಿಕೊಂಡಿರುತ್ತೇನೆ.

ನಿನ್ನ
ಅಮ್ಮ